ಬ್ಯಾರೆಲ್ ಬಿಚ್ಚುವ ಮೊದಲು ಸ್ಕೋಪ್ ಸ್ಕ್ರೂ ನೋಡಿ

ಸರ್, ನಿಮ್ಮ .22 ರೈಫಲ್ ಗುರಿ ತಪ್ಪುತ್ತಿದೆ, ಅಮೆರಿಕದವರ ವಿಡಿಯೋ ನೋಡಿ ಜಯನಗರದ ಮನೆಯಲ್ಲೇ ಬ್ಯಾರೆಲ್ ಬದಲಿಸಬಹುದಾ ಅಂತ ಕೇಳಿದ್ದೀರಿ. ಬೇಡ. ಅಲ್ಲಿನ ಕಾನೂನು ಬೇರೆ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿಗೂ ಬೇರೆಯೇ ಲೈಸೆನ್ಸ್ ಬೇಕು. ನಿಮ್ಮದು ಇಟ್ಟುಕೊಳ್ಳುವ ಲೈಸೆನ್ಸ್ ಅಷ್ಟೇ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ರಿಪೇರಿ ಮಾಡಿದರೆ ಕನಿಷ್ಠ 7 ವರ್ಷ ಜೈಲು. ಸುಮ್ನೆ ಯಾಕೆ ತಲೆನೋವು?

ಕಾನೂನು ಪಕ್ಕಕ್ಕಿಡಿ, ಕೆಲಸವೂ ನಾಜೂಕಿನದು. ಹಿಂದಿನಿಂದ ಮುಚ್ಚುವ ಬೋಲ್ಟಿನ ಮುಖಕ್ಕೂ ಗುಂಡು ಕೂರುವ ಚೇಂಬರಿಗೂ ನಡುವಿನ ಜಾಗ, ಅಂದರೆ ಹೆಡ್‌ಸ್ಪೇಸ್, .22ರಲ್ಲಿ ಸುಮಾರು 1.1 ಮಿಲಿಮೀಟರ್. ಅದು ಜಾಸ್ತಿಯಾದರೆ ಮದ್ದು ತುಂಬಿದ ಲೋಹದ ಕೇಸ್ ಒಡೆದು ಬಿಸಿ ಗ್ಯಾಸ್ ಮುಖದ ಕಡೆಗೇ ನುಗ್ಗಬಹುದು. ಗೇಜ್ ಇಲ್ಲದೆ ಕಣ್ಣಳತೆಯಲ್ಲಿ ಇದು ಗೊತ್ತಾಗಲ್ಲ.

ಅಷ್ಟಕ್ಕೂ ಬ್ಯಾರೆಲ್ ಕೆಟ್ಟಿದೆ ಅಂತ ಯಾರು ಹೇಳಿದರು? .22ರದ್ದು ಮೆತ್ತನೆಯ ಸೀಸದ ಗುಂಡು, ಬ್ಯಾರೆಲ್ ಅಷ್ಟು ಬೇಗ ಸವೆಯುವುದಿಲ್ಲ. ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿರುವ ಮೌಂಟ್ ಅಲುಗಾಡುತ್ತಾ ಅಂತ ಪರೀಕ್ಷಿಸಿ. ಒಳಗೆ ಸೀಸ ಕಟ್ಟಿದ್ದರೆ ಕ್ಲೀನ್ ಮಾಡಿ. ಆಮೇಲೆ ಬೇರೆ ಬ್ರ್ಯಾಂಡ್ ಗುಂಡು ಹಾಕಿ ರೇಂಜಿನಲ್ಲಿ ಹೊಡೆದು ನೋಡಿ. ನನ್ನದೂ ಹೀಗೇ ಆಗಿತ್ತು, ಕೊನೆಗೆ ನೋಡಿದರೆ ಒಂದು ಸ್ಕ್ರೂ ಸಡಿಲ!

ಆಗಲೂ ಸರಿಹೋಗದಿದ್ದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಕಾಗದಪತ್ರ ಸಮೇತ ಹೋಗಿ. ಬ್ಯಾರೆಲ್ ಬದಲಿಸಲೇಬೇಕು ಅಂದರೆ ಮೊದಲು ಪೊಲೀಸ್ ಕಮಿಷನರ್ ಕಚೇರಿಯ ಲೈಸೆನ್ಸ್ ವಿಭಾಗದಲ್ಲಿ ಕೇಳಿಕೊಳ್ಳಿ.