ಸಂಶೋಧನೆಯ ಫಲಿತಾಂಶ ಊರಿಗೆ ಮರಳುವುದು ಹೇಗೆ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಕೆಲವು ವರ್ಷಗಳ ಹಿಂದೆ ಸಂಶೋಧನಾ ವಿದ್ಯಾರ್ಥಿಗಳ ತಂಡವೊಂದು ಬಂದು ಊರಿನ ಕೊಳವೆಬಾವಿಗಳ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡು, ಶಾಲಾ ಮಕ್ಕಳ ಹಲ್ಲು ನೋಡಿ, ಮನೆ ಮನೆಯಲ್ಲೂ ವಿಚಾರಿಸಿ ಬರೆದುಕೊಂಡು ಹೋಯಿತು. ಆಮೇಲೆ ಯಾರೂ ಇತ್ತ ತಲೆ ಹಾಕಲಿಲ್ಲ. ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ನಮಗೆ ಮೊದಲೇ ಗೊತ್ತಿತ್ತು. ಇಂತಹ ಸಂಶೋಧನೆಯಿಂದ ಊರಿಗೆ ನಿಜವಾಗಿ ಏನಾದರೂ ಪ್ರಯೋಜನವಿದೆಯೇ?
(ಓದುಗರು, ಚಳ್ಳಕೆರೆ ತಾಲ್ಲೂಕು)

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಊರಿನವರ ನೀರು, ಮಕ್ಕಳ ಹಲ್ಲು, ಮನೆಯ ವಿವರ ಎಲ್ಲವನ್ನೂ ದಾಖಲಿಸಿಕೊಂಡವರು ಅದರಿಂದ ತಿಳಿದುಬಂದದ್ದನ್ನು ಅದೇ ಊರಿಗೆ ಹೇಳದೆ ಹೋದರೆ, ಆ ಸಂಶೋಧನೆ ಅರ್ಧಕ್ಕೇ ನಿಂತ ಕೆಲಸವೆಂದೇ ನಾನು ಭಾವಿಸುತ್ತೇನೆ. ಆದರೆ ಅವರು ಅಳೆದದ್ದು ವ್ಯರ್ಥವೆಂದು ಮಾತ್ರ ತಿಳಿಯಬೇಡಿ. ಹೆಚ್ಚಾದರೆ ಹಲ್ಲು ಕೆಡಿಸುವ ಫ್ಲೋರೈಡ್ ಇದೆ ಎಂದು ತಿಳಿದಿರುವುದಕ್ಕೂ, ಯಾವ ಕೊಳವೆಬಾವಿಯಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಇದೆ ಎಂದು ತಿಳಿದಿರುವುದಕ್ಕೂ ಬಹಳ ಅಂತರವಿದೆ. ಊರಿಗೆ ಉಪಯೋಗಕ್ಕೆ ಬರುವುದು ಈ ಎರಡನೆಯ ತಿಳಿವಳಿಕೆ.

ನಮ್ಮ ಭಾಗದ ಗ್ರಾನೈಟ್ ಮತ್ತು ನೈಸ್ (ಪಟ್ಟೆಗಳಿರುವ ಒಂದು ಬಗೆಯ ಶಿಲೆ) ಬಂಡೆಗಳಲ್ಲಿರುವ ಕೆಲವು ಖನಿಜಗಳು ಫ್ಲೋರೈಡ್‌ನ ಮೂಲ. ನೀರು ಆ ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರಗುಣ ಹೆಚ್ಚಿದ್ದಷ್ಟೂ, ಫ್ಲೋರೈಡ್ ಹೆಚ್ಚು ಕರಗುತ್ತದೆ. ಮಳೆ ಕಡಿಮೆಯಾಗಿ, ಅಂತರ್ಜಲ ಕುಸಿದು, ಕೊಳವೆಬಾವಿಯನ್ನು ಮತ್ತಷ್ಟು ಆಳಕ್ಕೆ ಕೊರೆಸಿದ ಊರುಗಳಲ್ಲಿ ಸಮಸ್ಯೆ ಬಿಗಡಾಯಿಸುವುದಕ್ಕೆ ಇದೇ ಕಾರಣ. ಒಂದೇ ಊರಿನ ದೇವಸ್ಥಾನದ ಹತ್ತಿರದ ಬಾವಿಯ ನೀರು ಕುಡಿಯಲು ಯೋಗ್ಯವಾಗಿದ್ದು, ಶಾಲೆಯ ಪಕ್ಕದ ಕೊಳವೆಬಾವಿಯ ನೀರು ಮಿತಿಯ ಎರಡು ಪಟ್ಟಿರುವುದೂ ಸಾಧ್ಯ. ಭಾರತೀಯ ಮಾನಕ ಸಂಸ್ಥೆಯ 2012ರ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರಬಾರದು, ಬೇರೆ ಮೂಲವೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಿಕೊಳ್ಳಬಹುದು. ಫ್ಲೋರೈಡ್‌ಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಅದು ಹೋಗುವುದೂ ಇಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಆದ್ದರಿಂದ ಅಳತೆ ಮಾಡದೆ ಯಾವ ಬಾವಿ ಒಳ್ಳೆಯದೆಂದು ಹೇಳಲು ದಾರಿಯಿಲ್ಲ. ಶಾಶ್ವತ ಹಲ್ಲುಗಳು ಒಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಹಲ್ಲಿನ ಮೇಲಿನ ಕಂದು ಕಲೆ ಆ ವಯಸ್ಸಿನಲ್ಲಿ ಕುಡಿದ ನೀರಿನ ಫಲ. ಊರಿನಲ್ಲಿರುವ ಒಂದೇ ಒಂದು ಒಳ್ಳೆಯ ಬಾವಿಯನ್ನು ಗುರುತಿಸಿ ಅದರ ನೀರನ್ನು ಅಂಗನವಾಡಿಗೂ ಪ್ರಾಥಮಿಕ ಶಾಲೆಗೂ ಮೀಸಲಿಟ್ಟರೂ ಒಂದು ಪೀಳಿಗೆಯ ಹಲ್ಲು ಉಳಿಯುತ್ತದೆ. ನಿಮ್ಮ ಊರಿನಿಂದ ಒಯ್ದ ಬಾಟಲಿಗಳಲ್ಲಿ ಇದ್ದದ್ದು ಈ ಮಾಹಿತಿಯೇ.

ಪರಿಹಾರದ ವಿಚಾರಕ್ಕೆ ಬಂದರೆ, ಪ್ರಯೋಗಾಲಯದಲ್ಲಿ ಗೆದ್ದ ವಿಧಾನ ಊರಿನಲ್ಲಿ ಏಕೆ ಸೋಲುತ್ತದೆ ಎಂಬುದನ್ನು ನೋಡಬೇಕು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ನೀರಿಗೆ ಬೆರೆಸಿ, ಕಲಕಿ, ತಳಕ್ಕೆ ಕೂತ ಕೆಸರನ್ನು ಬೇರ್ಪಡಿಸುತ್ತಾರೆ. ವಿಧಾನ ಅಗ್ಗದ್ದು, ರಸಾಯನಶಾಸ್ತ್ರವೂ ಗಟ್ಟಿಯಾದದ್ದು. ಆದರೆ ಪಟಿಕದ ಪ್ರಮಾಣವನ್ನು ಆಯಾ ನೀರಿಗೆ ತಕ್ಕಂತೆ ಲೆಕ್ಕಹಾಕಿ ಪ್ರತಿದಿನ ತಪ್ಪದೆ ಹಾಕಬೇಕು; ಹೆಚ್ಚಾದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ, ಕಡಿಮೆಯಾದರೆ ಫ್ಲೋರೈಡ್ ಉಳಿಯುತ್ತದೆ, ಕೆಸರನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆ ಬೇರೆ. ಆಮೇಲೆ ಬಂದ ಆಕ್ಟಿವೇಟೆಡ್ ಅಲ್ಯುಮಿನಾ (ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಅಲ್ಯೂಮಿನಿಯಂ ಆಕ್ಸೈಡ್ ಹರಳು) ಸೋಸುಕಗಳು ತುಸು ಆಮ್ಲೀಯ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ, ನಮ್ಮ ಕ್ಷಾರೀಯ ನೀರಿನಲ್ಲಿ ಅವುಗಳ ಶಕ್ತಿ ಬೇಗ ಕುಂದುತ್ತದೆ. ಈಗ ಊರೂರಿನಲ್ಲಿ ನಾಣ್ಯ ಹಾಕಿ ಕ್ಯಾನಿಗೆ ನೀರು ಹಿಡಿಯುವ ಆರ್.ಒ. ಘಟಕಗಳು ಫ್ಲೋರೈಡನ್ನು ಸಮರ್ಥವಾಗಿಯೇ ತೆಗೆಯುತ್ತವೆ. ಆದರೆ ಒಳಹೋದ ನೀರಿನ ದೊಡ್ಡ ಪಾಲು, ಫ್ಲೋರೈಡ್ ಇನ್ನಷ್ಟು ಸಾಂದ್ರವಾದ ಸ್ಥಿತಿಯಲ್ಲಿ, ಹಿಂಬದಿಯ ಪೈಪಿನಿಂದ ಚರಂಡಿಗೆ ಹೋಗುತ್ತದೆ. ಕೊಳವೆಬಾವಿಯ ಪಕ್ಕದಲ್ಲೇ ಆ ನೀರು ಇಂಗಿದರೆ ತೆಗೆದದ್ದನ್ನು ಮತ್ತೆ ಬಾವಿಗೆ ಸೇರಿಸಿದಂತಾಗುತ್ತದೆ. ನೀರು ಸೋಸುವ ಪೊರೆಯನ್ನು (ಮೆಂಬ್ರೇನ್) ಬದಲಾಯಿಸಲು ಹಣವಿಲ್ಲದೆ ಬೀಗ ಹಾಕಿದ ಘಟಕಗಳನ್ನು ನೀವೂ ನೋಡಿರುತ್ತೀರಿ. ಇಲ್ಲಿ ಸೋತದ್ದು ನೀರಿನ ವಿಜ್ಞಾನವಲ್ಲ. ಘಟಕವನ್ನು ನೋಡಿಕೊಳ್ಳುವವರು ಯಾರು, ಖರ್ಚು ಎಲ್ಲಿಂದ, ಹೊರಹೋಗುವ ನೀರು ಎಲ್ಲಿಗೆ ಎಂಬುದನ್ನು ಸಂಶೋಧನೆಯ ವಿಷಯವೆಂದೇ ಯಾರೂ ಗಣಿಸದೆ ಇದ್ದದ್ದರಿಂದ ಸೋಲು ಬಂದಿದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊಸ ಹೊಸ ಸೋಸುಕಗಳ ಬಗ್ಗೆ ಪ್ರಬಂಧಗಳು ಬರುತ್ತಲೇ ಇವೆ. ಬೀಗ ಬಿದ್ದ ಘಟಕವೊಂದನ್ನು ಮತ್ತೆ ನಡೆಸುವುದು ಹೇಗೆಂಬ ಅಧ್ಯಯನಕ್ಕೆ ನಾನು ಅದಕ್ಕಿಂತ ಹೆಚ್ಚಿನ ಬೆಲೆ ಕೊಡುತ್ತೇನೆ.

ಅಡುಗೆಮನೆಗೆ ಸಂಬಂಧಿಸಿದ ಒಂದು ಮಾತನ್ನೂ ಇಲ್ಲಿ ಹೇಳಬಹುದು. ಹುಣಸೆಹಣ್ಣು ಸೇವಿಸಿದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋಗುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ವರದಿ ಮಾಡಿದ್ದಾರೆ. ಕ್ಯಾಲ್ಸಿಯಂ ಚೆನ್ನಾಗಿರುವ ರಾಗಿ, ಹಾಲು, ಮಜ್ಜಿಗೆ, ಸೊಪ್ಪುಗಳೂ ಸಹಾಯಕ. ಆದರೆ ಇವು ಶುದ್ಧ ನೀರಿಗೆ ಬದಲಿಯಾಗಲಾರವು.

ನಿಮ್ಮ ಊರಿಗೆ ನನ್ನ ಸಲಹೆ ಇಷ್ಟು. ಆ ತಂಡ ಯಾವ ವಿಭಾಗದಿಂದ ಬಂದಿತ್ತೆಂದು ತಿಳಿಸುವ ಅನುಮತಿ ಪತ್ರ ಶಾಲೆಯ ಮುಖ್ಯೋಪಾಧ್ಯಾಯರ ಬಳಿ ಅಥವಾ ಪಂಚಾಯಿತಿಯಲ್ಲಿ ಇರಬಹುದು, ವಿಚಾರಿಸಿ. ಆ ವಿಭಾಗದ ಮುಖ್ಯಸ್ಥರಿಗೆ ಪಂಚಾಯಿತಿಯ ಲೆಟರ್‌ಹೆಡ್‌ನಲ್ಲಿ ಪತ್ರ ಬರೆದು, ನಿಮ್ಮ ಊರಿನ ಬಾವಿಗಳ ಫಲಿತಾಂಶವನ್ನು ಕನ್ನಡದಲ್ಲಿ ಕೇಳಿ. ಅದು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ಕಿಟ್‌ನಲ್ಲಿ ಸಂಶಯಾಸ್ಪದವಾಗಿ ಕಂಡ ನೀರನ್ನು ಜಿಲ್ಲಾ ಅಥವಾ ತಾಲ್ಲೂಕು ಪ್ರಯೋಗಾಲಯಕ್ಕೆ ಕಳಿಸುವಾಗ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ, ಏಕೆಂದರೆ ಗಾಜಿನೊಂದಿಗೆ ಫ್ಲೋರೈಡ್ ವರ್ತಿಸುತ್ತದೆ. ಮೋಟಾರನ್ನು ಕೆಲವು ನಿಮಿಷ ಓಡಿಸಿ ಪೈಪಿನಲ್ಲಿ ನಿಂತ ನೀರು ಹೋದ ಮೇಲೆ, ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿ, ಬಾವಿಯ ಗುರುತು, ಆಳ ಮತ್ತು ದಿನಾಂಕವನ್ನು ಬರೆದು ಅಂಟಿಸಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಹೀಗೆ ಪರೀಕ್ಷಿಸಿ, ಬಂದ ಅಂಕಿಯನ್ನು ಆಯಾ ಬಾವಿಯ ಪಂಪ್‌ಹೌಸಿನ ಗೋಡೆಯ ಮೇಲೆಯೇ ಬರೆಸಿ.

ಗೋಡೆಬರಹದ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. 2009ರಲ್ಲಿ ರಾಜ್ಯ ಸರ್ಕಾರ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಜೊತೆಗೂಡಿ, ಖುಷ್ಕಿ ಬೇಸಾಯದ ಇಳುವರಿ ಹೆಚ್ಚಿಸಲು ಆರಂಭಿಸಿದ ಭೂಚೇತನ ಯೋಜನೆಯ ಮೊದಲ ಆರು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದಾಗಿತ್ತು. ಖುಷ್ಕಿ ಜಮೀನಿನ ಮಣ್ಣನ್ನು ಪರೀಕ್ಷಿಸಿದಾಗ ಗಂಧಕ, ಸತು ಮತ್ತು ಬೋರಾನ್ ಕೊರತೆ ವ್ಯಾಪಕವಾಗಿ ಕಂಡುಬಂತು. ಆ ವರದಿ ಕಪಾಟು ಸೇರಲಿಲ್ಲ: ಫಲಿತಾಂಶವನ್ನು ಊರಿನ ಗೋಡೆಗಳ ಮೇಲೆ ಬರೆಸಲಾಯಿತು, ಊರಿನವರೇ ಆದ ರೈತ ಅನುವುಗಾರರನ್ನು ನೇಮಿಸಲಾಯಿತು, ಜಿಪ್ಸಂ, ಸತುವಿನ ಸಲ್ಫೇಟ್ ಮತ್ತು ಬೋರಾಕ್ಸ್ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದಲ್ಲಿ ದೊರೆಯುವಂತಾಯಿತು. ಶೇಂಗಾ ಮತ್ತು ರಾಗಿ ಬೆಳೆಗಾರರಿಗೆ ಇಳುವರಿಯಲ್ಲಿ ವ್ಯತ್ಯಾಸ ಕಂಡದ್ದು ಇವೆಲ್ಲವೂ ಒಟ್ಟಿಗೆ ಸೇರಿದ್ದರಿಂದ.

ಪ್ರಶ್ನೆ: ಮೆಕ್ಕೆಜೋಳಕ್ಕೆ ಹುಳು ಬಿದ್ದಾಗ ವಿಜ್ಞಾನಿಗಳು ಬರುವ ಮೊದಲೇ ಗೊಬ್ಬರದ ಅಂಗಡಿಯವರು ಔಷಧಿ ಕೊಟ್ಟಿರುತ್ತಾರೆ. ಸಂಶೋಧನೆ ರೈತರಿಗೆ ಯಾವಾಗಲೂ ತಡವಾಗಿಯೇ ತಲುಪುತ್ತದೆ ಅಲ್ಲವೇ?
(ರೈತರು, ದಾವಣಗೆರೆ ತಾಲ್ಲೂಕು)

ಉತ್ತರ: ಬಹಳ ಸಲ ಹೌದು. ಆದರೆ ನೀವು ಹೇಳುತ್ತಿರುವ ಹುಳುವಿನ ವಿಷಯದಲ್ಲಿ ನಮ್ಮ ಪಕ್ಕದ ಊರಿನ ಕೃಷಿ ವಿಶ್ವವಿದ್ಯಾಲಯ ದೇಶಕ್ಕೇ ಮೊದಲು ಎಚ್ಚರಿಕೆ ಕೊಟ್ಟಿತು ಎಂಬುದನ್ನು ನೆನಪಿಸಬೇಕು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡು, 2018ರ ಮುಂಗಾರಿನ ಆರಂಭದಲ್ಲಿ ಭಾರತಕ್ಕೆ ಬಂದದ್ದನ್ನು ಮೊದಲು ಗುರುತಿಸಿದವರು ಶಿವಮೊಗ್ಗದ ಕೃಷಿ ಕಾಲೇಜಿನ ಕೀಟಶಾಸ್ತ್ರಜ್ಞರು. ಮೆಕ್ಕೆಜೋಳದ ಹೊಲದಲ್ಲಿ ಕಂಡ ಹುಳು ಎಂದಿನ ಸೈನಿಕ ಹುಳುವಲ್ಲ ಎಂಬ ಸಂಶಯ ಅವರಿಗೆ ಬಂದದ್ದು ಅವರು ಹೊಲದಲ್ಲಿ ಇದ್ದದ್ದರಿಂದಲೇ.

ಗುರುತು ಹಿಡಿಯುವುದನ್ನು ನೀವೂ ಮಾಡಬಹುದು. ಸುಳಿಯಲ್ಲಿ ಒದ್ದೆ ಮರದ ಪುಡಿಯಂತಹ ಹಿಕ್ಕೆ ತುಂಬಿದ್ದರೆ ಸುಳಿ ಬಿಡಿಸಿ ಹುಳುವನ್ನು ಅಂಗೈ ಮೇಲೆ ಹಾಕಿಕೊಳ್ಳಿ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದಂತಹ ಬಿಳಿ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದು ಫಾಲ್ ಸೈನಿಕ ಹುಳು. ಈ ಗುರುತು ಏಕೆ ಮುಖ್ಯವೆಂದರೆ, ಹುಳು ಸುಳಿಯ ಒಳಗೆ ತನ್ನ ಹಿಕ್ಕೆಯ ಮರೆಯಲ್ಲಿ ಕೂತಿರುವುದರಿಂದ ಎಲೆಗಳ ಮೇಲೆ ಬಿದ್ದ ಔಷಧಿ ಅದನ್ನು ತಲುಪುವುದೇ ಇಲ್ಲ, ರೈತರು ಮಾತ್ರ ಮತ್ತೆ ಮತ್ತೆ ಹಣ ಸುರಿಯುತ್ತಾರೆ. ಹುಳು ಚಿಕ್ಕದಿರುವಾಗ, ಎಲೆಯ ಮೇಲೆ ಕಿಟಕಿಯಂತಹ ತೆಳು ಪಟ್ಟೆಗಳು ಕಂಡ ಕೂಡಲೇ, ನಾಜಲ್ಲನ್ನು ಸುಳಿಯ ಕಡೆಗೇ ತಿರುಗಿಸಿ ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಸಿಂಪಡಿಸಬೇಕೆಂಬುದು ಶಿಫಾರಸು. ಹುಳು ಬಲಿತಿದ್ದರೆ 10 ಕೆ.ಜಿ. ಅಕ್ಕಿ ತೌಡು ಮತ್ತು 2 ಕೆ.ಜಿ. ಬೆಲ್ಲವನ್ನು ಎರಡು ಮೂರು ಲೀಟರ್ ನೀರಿನಲ್ಲಿ ಕಲಸಿ ಒಂದು ದಿನ ಹುಳಿಯಲು ಬಿಟ್ಟು, ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸಿದ ವಿಷ ಪಾಷಾಣವನ್ನು ಸುಳಿಗೆ ಉದುರಿಸಬೇಕು. ಕೈಗವಸು ಹಾಕಿಕೊಳ್ಳುವುದನ್ನೂ, ಆ ಹೊಲದ ಸೊಪ್ಪೆಯನ್ನು ದನಗಳಿಗೆ ಹಾಕದಂತೆ ನೋಡಿಕೊಳ್ಳುವುದನ್ನೂ ಮರೆಯಬಾರದು.

ಹೊಲದಲ್ಲೇ ನಡೆದ ಅಧ್ಯಯನಗಳಿಂದ ತಿಳಿದ ಇನ್ನೊಂದು ಸಂಗತಿಯಿದೆ. ತೇವ ಹೆಚ್ಚಿರುವ ದಿನಗಳಲ್ಲಿ ಕೆಲವು ಹುಳುಗಳು ಎಲೆಗೆ ಅಂಟಿಕೊಂಡು ಸತ್ತಿರುತ್ತವೆ, ಮೈಮೇಲೆ ಮೊದಲು ಬಿಳಿ, ಆಮೇಲೆ ತಿಳಿ ಹಸಿರು ಬೂಷ್ಟು ಹಿಡಿದಿರುತ್ತದೆ. ಅದು ಮೆಟಾರೈಜಿಯಂ ರಿಲೇಯಿ ಎಂಬ ಶಿಲೀಂಧ್ರ, ನಮ್ಮ ಹೊಲಗಳಲ್ಲಿ ತಾನಾಗಿಯೇ ಇರುವಂಥದ್ದು. ಅಂತಹ ಹುಳುಗಳು ಹೆಚ್ಚು ಕಂಡ ಹೊಲಕ್ಕೆ ಅವಸರದಲ್ಲಿ ಔಷಧಿ ಹೊಡೆಯುವ ಮೊದಲು ಎರಡು ದಿನ ಗಮನಿಸಿ, ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋಟೊ ಕಳಿಸಿ. ಅಂಗಡಿಯವರು ಈ ಸಲಹೆ ಕೊಡಲಾರರು. ಅಂಗಡಿ ಹತ್ತಿರದಲ್ಲಿದೆ, ವಿಜ್ಞಾನಿ ದೂರದಲ್ಲಿದ್ದಾರೆ ಎಂಬ ನಿಮ್ಮ ಆಕ್ಷೇಪಣೆ ಮಾತ್ರ ಹಾಗೆಯೇ ಉಳಿಯುತ್ತದೆ. ಅದಕ್ಕೆ ವಿಶ್ವವಿದ್ಯಾಲಯಗಳೇ ಉತ್ತರ ಕೊಡಬೇಕು.

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯ. ನಮ್ಮ ಕೆರೆಗೆ ಈಗ ತುಂಗಭದ್ರೆಯ ನೀರು ಬರುತ್ತಿದೆ. ವಿಶ್ವವಿದ್ಯಾಲಯದವರಿಂದ ನಮಗೆ ಏನು ಸಹಾಯ ಸಿಗಬಹುದು, ಯಾರನ್ನು ಕೇಳಬೇಕು?
(ಓದುಗರು, ಜಗಳೂರು)

ಉತ್ತರ: ಊರಿನ ಅಭಿವೃದ್ಧಿಗೆ ಸಹಾಯ ಮಾಡಿ ಎಂದು ಕೇಳಿದರೆ ಯಾರಿಂದಲೂ ಏನೂ ಆಗುವುದಿಲ್ಲ. ಕೆರೆ ತುಂಬಿದ ಮೇಲೆ ಸುತ್ತಲಿನ ಕೊಳವೆಬಾವಿಗಳ ನೀರಿನ ಮಟ್ಟ ಎಷ್ಟು ದೂರದವರೆಗೆ ಏರಿದೆ, ಅವುಗಳ ಫ್ಲೋರೈಡ್ ಇಳಿದಿದೆಯೇ ಎಂದು ಕೇಳಿ. ಹೊಸ ನೀರು ಇಂಗಿದಾಗ ಫ್ಲೋರೈಡ್ ಪ್ರಮಾಣ ಇಳಿಯುವುದು ಸಾಮಾನ್ಯ, ಆದರೆ ಬಂಡೆಯ ಬಿರುಕುಗಳು ಕೆರೆಗೆ ಕೂಡಿಕೊಂಡಿಲ್ಲದ ಕಡೆ ಅದು ಆಗದೆಯೂ ಇರಬಹುದು; ನಿಮ್ಮ ಊರಿನಲ್ಲಿ ಏನಾಗಿದೆ ಎಂಬುದನ್ನು ಅಲ್ಲಿಯೇ ಅಳೆಯಬೇಕು. ಇಂತಹ ಪ್ರಶ್ನೆ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಯ ಒಂದು ವರ್ಷದ ಕೆಲಸಕ್ಕೆ ಸರಿಯಾಗಿ ಹೊಂದುತ್ತದೆ.

ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳನ್ನು, ನಗರದ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳನ್ನು ಪತ್ರದ ಮೂಲಕ ಸಂಪರ್ಕಿಸಿ. ಕೇಂದ್ರ ಸರ್ಕಾರದ ಉನ್ನತ್ ಭಾರತ್ ಅಭಿಯಾನದಲ್ಲಿ ಸೇರಿದ ಕಾಲೇಜುಗಳು ಹಳ್ಳಿಗಳನ್ನು ದತ್ತು ಪಡೆದು ಇಂತಹ ಕೆಲಸ ಮಾಡಬೇಕಾಗಿರುವುದರಿಂದ, ನಿಮ್ಮ ಹತ್ತಿರದ ಕಾಲೇಜು ಅದರಲ್ಲಿದೆಯೇ ಎಂದು ಮೊದಲು ವಿಚಾರಿಸಿ. ಕೆರೆ ನೀರು ಬಂದ ಮೇಲೆ ಯಾವ ಬೆಳೆ ಎಂಬ ಪ್ರಶ್ನೆಯಿದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ನಿಮ್ಮ ಊರಿನ ಹೊಲದಲ್ಲಿಯೇ ಮುಂಚೂಣಿ ಪ್ರಾತ್ಯಕ್ಷಿಕೆ (ಹೊಸ ತಳಿ ಅಥವಾ ವಿಧಾನವನ್ನು ರೈತರ ಹೊಲದಲ್ಲೇ ಬೆಳೆದು ತೋರಿಸುವುದು) ಕೇಳಿ. ಕೃಷಿ ವಿಜ್ಞಾನ ಕೇಂದ್ರಗಳ ವೈಜ್ಞಾನಿಕ ಸಲಹಾ ಸಮಿತಿಯಲ್ಲಿ ರೈತ ಪ್ರತಿನಿಧಿಗಳಿಗೆ ಸ್ಥಾನವಿದೆ, ಅವರ ಮೂಲಕ ನಿಮ್ಮ ಪ್ರಶ್ನೆಯನ್ನು ಮುಂದಿನ ವರ್ಷದ ಕ್ರಿಯಾಯೋಜನೆಗೆ ಸೇರಿಸಲು ಸಾಧ್ಯ.

ತಂಡ ಬರಲು ಒಪ್ಪಿದರೆ ಪಂಚಾಯಿತಿಯ ಅನುಮತಿ ಪತ್ರದಲ್ಲಿಯೇ ಎರಡು ಷರತ್ತು ಬರೆಯಿರಿ: ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು, ಮತ್ತು ನೀರಿನ ಮಟ್ಟ ಅಳೆಯುವುದನ್ನು ಊರಿನ ವಾಟರ್‌ಮನ್‌ಗೂ ಒಬ್ಬಿಬ್ಬರು ಯುವಕ ಯುವತಿಯರಿಗೂ ಕಲಿಸಿ, ಅಳತೆಯ ಪುಸ್ತಕವನ್ನು ಪಂಚಾಯಿತಿ ಕಚೇರಿಯಲ್ಲಿ ಬಿಟ್ಟುಹೋಗಬೇಕು.