ಬೆಂಗಳೂರಿನಲ್ಲಿದ್ದೇನೆ. ತಂಬಾಕು ಸೇದುವ ಅಜ್ಜನ ಹಳೆಯ ಜಿಬಿಡಿ ಪೈಪಿನ ಸ್ಟೆಮ್, ಅಂದರೆ ಬಾಯಿಗಿಡುವ ಕೊಳವೆ, ಮರಕ್ಕೆ ಸೇರುವಲ್ಲಿ ಮುರಿದು ತುಂಡು ಒಳಗೇ ಉಳಿದಿದೆ, ಬಣ್ಣವೂ ಹಸಿರು-ಕಂದಿಗೆ ತಿರುಗಿದೆ. ಫೆವಿಕ್ವಿಕ್ ಹಾಕಿ ಅಂಟಿಸಬಹುದೇ?

ಫೆವಿಕ್ವಿಕ್ ಬೇಡ. ಹೊಸ ಸ್ಟೆಮ್ ಹುಡುಕಲೂ ಹೋಗಬೇಡಿ. ನೀವು ಬರೆದಿರುವುದನ್ನು ನೋಡಿದರೆ ಮುರಿದಿರುವುದು ಮರದ ತೂತಿನೊಳಗೆ ಕೂರುವ ಸಣ್ಣ ಮೂತಿ, ಅಂದರೆ ಟೆನನ್ ಮಾತ್ರ. ಉಳಿದ ಸ್ಟೆಮ್ ಗಟ್ಟಿಯಾಗಿದೆ, ಹಿತ್ತಾಳೆಯ ಗುರುತೂ ಹಾಗೇ ಇದೆ. ಜಿಬಿಡಿ 1850ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಹೆಸರು. ಗುರುತಿಲ್ಲದ ಸ್ಟೆಮ್ ಸಿಕ್ಕಿಸಿದರೆ ಸಂಗ್ರಹಕಾರರ ಕಣ್ಣಿಗೆ ಅದು ಅರ್ಧ ಪೈಪು.

ಬಣ್ಣ ಹಸಿರು-ಕಂದಿಗೆ ತಿರುಗಿದೆ ಎಂದಿದ್ದೀರಿ. ಹಾಗಾದರೆ ಅದು ಎಬೊನೈಟ್, ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು. ಅಕ್ರಿಲಿಕ್ ಹಾಗೆ ತಿರುಗುವುದಿಲ್ಲ. ಸ್ಟೆಮ್ ಎಳೆಯುವಾಗ, ಸಿಕ್ಕಿಸುವಾಗ ಬೀಳುವ ಭಾರವೆಲ್ಲ ಟೆನನ್ ಬುಡದ ಮೇಲೆ. ಅಲ್ಲಿ ಅಂಟು ಹಿಡಿಯುವ ಜಾಗ ಬಳೆಯಷ್ಟು ತೆಳು. ಫೆವಿಕ್ವಿಕ್ ಒಣಗಿದ ಮೇಲೆ ಪೆಡಸು, ಮೊದಲ ತಿರುವಿಗೇ ಲಟಕ್ಕೆನ್ನುತ್ತದೆ. ಒಂದು ಹನಿ ಒಳಗೆ ಇಳಿದರೆ ಸ್ಟೆಮ್ಮೂ ಮರವೂ ಒಂದಾಗಿಬಿಡುತ್ತವೆ.

ಮೊದಲು ಒಳಗಿನ ತುಂಡು ಹೊರಗೆ ಬರಬೇಕು. ಪೈಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ಗಂಟೆ ಫ್ರೀಜರಿನಲ್ಲಿಡಿ, ರಬ್ಬರು ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಆಮೇಲೆ ಹೊಗೆಯ ತೂತಿಗಿಂತ ಒಂದಿಷ್ಟೇ ದಪ್ಪನೆಯ ಸ್ಕ್ರೂ ಅದರೊಳಗೆ ಎರಡು ಮೂರು ಸುತ್ತು ತಿರುಗಿಸಿ, ನೇರವಾಗಿ ಎಳೆಯಿರಿ. ಹೆಚ್ಚು ಬಿಗಿಯಬೇಡಿ, ತುಂಡು ಹಿಗ್ಗಿ ಮರದ ಕುತ್ತಿಗೆ ಸೀಳುತ್ತದೆ. ಸೀಳಿದ ಮರವನ್ನು ಸರಿಮಾಡುವುದು ಇದಕ್ಕಿಂತ ದೊಡ್ಡ ತಲೆನೋವು.

ಹೊಸ ಟೆನನ್‌ಗೆ ಡೆಲ್ರಿನ್ ರಾಡ್ ಸಾಕು, ಇಂಜಿನಿಯರಿಂಗ್ ಪ್ಲಾಸ್ಟಿಕ್ ಮಾರುವವರಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿದ್ದೀರಿ, ಪೀಣ್ಯದ ಕಡೆ ಲೇತ್ ಅಂಗಡಿಗಳಿಗೆ ಬರವಿಲ್ಲ. ಮುರಿದ ತುಂಡಿಗಿಂತ ಕೂದಲೆಳೆಯಷ್ಟು ದಪ್ಪಗೆ ಕಡೆಸಿ, ಆಮೇಲೆ ವಾಟರ್ ಪೇಪರಿನಲ್ಲಿ ಉಜ್ಜಿ ಕೂರಿಸಿಕೊಳ್ಳಿ. ನಡುವಿನ ತೂತು 3.5ರಿಂದ 4 ಮಿ.ಮೀ. ಇರಲಿ. ಡೆಲ್ರಿನ್‌ಗೆ ಅಂಟು ಸುಲಭವಾಗಿ ಹಿಡಿಯುವುದಿಲ್ಲ, ಹಾಗಾಗಿ ಸ್ಟೆಮ್ಮಿನೊಳಗೆ ಹೋಗುವ ಭಾಗಕ್ಕೆ ಸುತ್ತಲೂ ಗೀರು ಹೊಡೆಸಲೇಬೇಕು.

ನನ್ನ ಪ್ರಕಾರ ಇಡೀ ಕೆಲಸ ನಿಂತಿರುವುದು ಸ್ಟೆಮ್ಮಿಗೆ ತೂತು ಕೊರೆಯುವುದರ ಮೇಲೆ. ಮೊದಲು ಮುರಿದ ಬುಡವನ್ನು ಅರದಿಂದ ಸಪಾಟು ಮಾಡಿ, ಅಂಚು ಮಾತ್ರ ಉರುಟಾಗಬಾರದು. ಆಮೇಲೆ ಇರುವ ತೂತಿನ ಜಾಡನ್ನೇ ಹಿಡಿದು, ಸಣ್ಣ ಡ್ರಿಲ್ ಬಿಟ್ಟಿನಿಂದ ಶುರುಮಾಡಿ ಅರ್ಧರ್ಧ ಮಿ.ಮೀ. ಏರಿಸುತ್ತಾ, ಕೈಯಲ್ಲೇ ತಿರುಗಿಸಿ 10-12 ಮಿ.ಮೀ. ಆಳಕ್ಕೆ ನಿಲ್ಲಿಸಿ. ಮೆಷಿನ್ ಜೋರಾಗಿ ಓಡಿಸಿದರೆ ಎಬೊನೈಟ್ ಬಿಸಿಯಾಗಿ ಮೆತ್ತಗಾಗುತ್ತದೆ, ಟಯರ್ ಸುಟ್ಟ ವಾಸನೆ ಬರುತ್ತದೆ. ತೂತು ಒಂಚೂರು ಓರೆಯಾದರೂ ಸ್ಟೆಮ್ ಒಂದು ಕಡೆ ಮರ ಒಂದು ಕಡೆ ನೋಡುತ್ತವೆ.

ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ತನ್ನಿ, ಐದು ನಿಮಿಷದ್ದಲ್ಲ. ವ್ಯಾಸಲೀನ್ ಸವರಿದ ಪೈಪ್ ಕ್ಲೀನರನ್ನು (ನೂಲು ಸುತ್ತಿದ ತೆಳು ತಂತಿ) ಟೆನನ್ ಮೂಲಕ ಸ್ಟೆಮ್ಮಿನೊಳಗೆ ತೂರಿಸಿಟ್ಟರೆ ಹೊಗೆಯ ದಾರಿ ಕಟ್ಟಿಕೊಳ್ಳುವುದಿಲ್ಲ. ಮರದೊಳಗೆ ಹೋಗುವ ಭಾಗಕ್ಕೂ ತೆಳ್ಳಗೆ ವ್ಯಾಸಲೀನ್ ಬಳಿದು, ಅಂಟು ಹಸಿಯಿರುವಾಗಲೇ ಪೈಪಿಗೆ ಸಿಕ್ಕಿಸಿ ನೇರ ನೋಡಿಕೊಂಡು ಒಂದು ದಿನ ಮುಟ್ಟದೆ ಬಿಡಿ.

ಹಸಿರು ಕಲೆ ತೆಗೆಯಲು 400ರಿಂದ 2000 ನಂಬರಿನವರೆಗಿನ ವಾಟರ್ ಪೇಪರ್ ನೀರು ಹಚ್ಚಿ ಉಜ್ಜಿದರಾಯಿತು, ಹಿತ್ತಾಳೆಯ ಮೇಲೆ ಟೇಪ್ ಅಂಟಿಸಿಕೊಂಡು. ಲೇತ್ ಅಂಗಡಿಗೆ ಹೋಗುವಾಗ ಅಳತೆ ಬರೆದ ಚೀಟಿ ಸಾಲದು, ಪೈಪು, ಸ್ಟೆಮ್ಮು, ಮುರಿದ ತುಂಡು ಮೂರನ್ನೂ ಒಯ್ಯಿರಿ.