ತಲೆಯ ಆಪರೇಷನ್ ಆದರೆ ಶ್ಪ್ರಿಂಟ್‌ಜೆನ್-ಗೋಲ್ಡ್‌ಬರ್ಗ್ ಸಿಂಡ್ರೋಮ್ ವಾಸಿಯಾಗುತ್ತದಾ?

ಅಕ್ಕನ ಮಗುವಿಗೆ ಈ ಕಾಯಿಲೆ ಇರಬಹುದು ಅಂದಿದ್ದಾರೆ, ಆಪರೇಷನ್ ಆದ್ಮೇಲೆ ಎಲ್ಲ ಸರಿಹೋಗುತ್ತಾ, ಮುಂದಿನ ಮಗುವಿಗೂ ಬರುತ್ತಾ ಎಂದು ಕೇಳಿದ್ದೀರಿ. ನಾವು ಉಡುಪಿಯವರು, ನನ್ನ ಮಗನಿಗೂ ಇದೇ ಉಂಟು. ನೇರ ಹೇಳುತ್ತೇನೆ: ಆಪರೇಷನ್ ತಲೆಗೆ ಮಾತ್ರ, ಕಾಯಿಲೆ ಇಡೀ ಮೈಯದ್ದು.

ಹಸುಗೂಸಿನ ತಲೆಬುರುಡೆಯ ಮೂಳೆಗಳ ನಡುವೆ ಸಂದು ಇರುತ್ತದೆ. ಮಿದುಳು ಬೆಳೆಯಲು ಜಾಗ ಬೇಕಲ್ವಾ? ಈ ಮಕ್ಕಳಲ್ಲಿ ಆ ಸಂದುಗಳು ಬೇಗ ಬೆಸೆದುಕೊಳ್ಳುತ್ತವೆ. ಮಗು ಮೀಯಿಸಲು ಬರುತ್ತಿದ್ದ ಅಜ್ಜಿ ತೆಂಗಿನೆಣ್ಣೆ ಹಚ್ಚಿ, ಎರಡೂ ಅಂಗೈಯಲ್ಲಿ ತಲೆ ಒತ್ತಿ "ಸರಿಯಾಗ್ತದೆ" ಎನ್ನುತ್ತಿದ್ದರು. ಬೆಸೆದ ಮೂಳೆ ಒತ್ತಿದರೆ ಬಿಡುತ್ತದಾ ಮಾರಾಯ್ರೇ!

ಮೂಳೆ, ಕೀಲು, ರಕ್ತನಾಳಗಳನ್ನು ಹಿಡಿದಿಡುವ ಅಂಗಾಂಶದಲ್ಲೂ ದೋಷ ಇರುತ್ತದೆ. ಉದ್ದ ಬೆರಳು, ಸಡಿಲ ಕೀಲು, ಡೊಂಕು ಬೆನ್ನು, ಹರ್ನಿಯಾ ಎಲ್ಲ ಅದರಿಂದಲೇ. ಸ್ನಾಯುಗಳಲ್ಲೂ ಬಿಗಿ ಕಮ್ಮಿ. ಕಂಕುಳಿಗೆ ಕೈ ಹಾಕಿ ಎತ್ತಿದರೆ ನನ್ನ ಮಗ ಜಾರಿ ಕೆಳಗಿಳಿಯುತ್ತಿದ್ದ. ನಡಿಗೆ, ಮಾತು, ಕಲಿಕೆ ಮೂರೂ ತಡ. ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಆಪರೇಷನ್ನಿಗೆ ಮೊದಲು ಹೃದಯದ ಎಕೋ, ಕುತ್ತಿಗೆಯ ಎಕ್ಸ್‌ರೇ ಆಗಿದೆಯಾ ಎಂದು ಕೇಳಿ. ಕೆಲವರಿಗೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹಿಗ್ಗಿರುತ್ತದೆ. ಕೆಲವರಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳು ಭದ್ರವಾಗಿರುವುದಿಲ್ಲ. ಅರಿವಳಿಕೆ ಕೊಡುವಾಗ ಕತ್ತು ಹಿಂದಕ್ಕೆ ಬಗ್ಗಿಸುತ್ತಾರೆ, ಹಾಗಾಗಿ ಅರಿವಳಿಕೆ ಡಾಕ್ಟರಿಗೆ ಇದು ಮೊದಲೇ ಗೊತ್ತಿರಲೇಬೇಕು. ಎಕೋ ಮಾತ್ರ ಆಮೇಲೂ ಮಾಡಿಸುತ್ತಲೇ ಇರಬೇಕು.

"ಇರಬಹುದು" ಅಂದಿದ್ದಾರಷ್ಟೇ ಅಲ್ವಾ? ಜೀನ್ ಪರೀಕ್ಷೆ ಮಾಡಿಸಿ. ಮಾರ್ಫನ್, ಲೋಯ್ಸ್-ಡೀಟ್ಜ್ ಕಾಯಿಲೆಗಳೂ ನೋಡಲು ಹೀಗೇ ಇರುತ್ತವೆ. ಲೋಯ್ಸ್-ಡೀಟ್ಜ್‌ನಲ್ಲಿ ರಕ್ತನಾಳದ ಅಪಾಯ ಇನ್ನೂ ಜಾಸ್ತಿ. ಶ್ಪ್ರಿಂಟ್‌ಜೆನ್-ಗೋಲ್ಡ್‌ಬರ್ಗ್‌ನ ಮೂಲ ಎಸ್‌ಕೆಐ (SKI) ಎಂಬ ಜೀನ್‌ನಲ್ಲಾಗುವ ಬದಲಾವಣೆ, ಪತ್ತೆಯಾಗಿದ್ದು 2012ರಲ್ಲಿ. ಮಣಿಪಾಲದ ಕೆಎಂಸಿಯಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಉಂಟು, ದೂರ ಹೋಗಬೇಕಿಲ್ಲ.

ಹೆಚ್ಚಿನ ಮಕ್ಕಳಲ್ಲಿ ಈ ಜೀನ್ ಬದಲಾವಣೆ ಹೊಸದಾಗಿ ಆದದ್ದು, ಅಪ್ಪ ಅಮ್ಮನಿಂದ ಬಂದದ್ದಲ್ಲ. ಗ್ರಹಣದ ದಿನ ಹೊರಗೆ ಹೋಗಿದ್ದಕ್ಕೆ ಹೀಗಾಯ್ತು ಎಂದು ಯಾರಾದರೂ ಅಕ್ಕನಿಗೆ ಅಂದರೆ ಅಲ್ಲೇ ಬಾಯಿ ಮುಚ್ಚಿಸಿ. ಅಕ್ಕ, ಭಾವನ ರಕ್ತದಲ್ಲಿ ಅದು ಸಿಗದಿದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ತುಂಬಾ ಕಮ್ಮಿ, ಆದರೆ ಸೊನ್ನೆ ಅಲ್ಲ. ಈ ಮಗುವಿನ ರಿಪೋರ್ಟ್ ಕೈಯಲ್ಲಿದ್ದರೆ ಮುಂದೆ ಬಸುರಿಯಾದಾಗ ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಿಸಬಹುದು.